ಮೊಟ್ಟೆ, ಹಾಲು ಇಲ್ಲದ ಹಣ್ಣಿನ ಮಫಿನ್ ಒಳಗೆ ಅಂಟಂಟಾಗುವುದು ಯಾಕೆ?

ಪ್ರಶ್ನೆ: ಮಡಿಕೇರಿ ಹತ್ತಿರ ಒಂದು ಸಣ್ಣ ಹೋಮ್‌ಸ್ಟೇ ನಡೆಸುತ್ತಿದ್ದೇನೆ. ಬೆಳಗಿನ ತಿಂಡಿಗೆ ವೀಗನ್ (ಮೊಟ್ಟೆ, ಹಾಲು ಸೇರಿ ಪ್ರಾಣಿಮೂಲದ ಯಾವುದೂ ಇಲ್ಲದ) ಮಫಿನ್ ಸಿಗುತ್ತದಾ ಅಂತ ಕೇಳುವ ಅತಿಥಿಗಳು ಈಚೆಗೆ ಜಾಸ್ತಿ ಆಗಿದ್ದಾರೆ. ಮಂಗಳೂರಿನಲ್ಲಿರುವ ನನ್ನ ಅಕ್ಕ ಇದನ್ನು ಚೆನ್ನಾಗಿ ಮಾಡುತ್ತಾಳೆ. ಅವಳ ಅಳತೆ ಹೀಗಿದೆ: 2 ಕಪ್ ಮೈದಾ, 3 ಬಾಳೆಹಣ್ಣು, ಕಾಲು ಕಪ್ ನೀರಿನಲ್ಲಿ ಕರಗಿಸಿದ 1 ಕಪ್ ಬೆಲ್ಲ, ಅರ್ಧ ಕಪ್ ತೆಂಗಿನಹಾಲು, ಅರ್ಧ ಕಪ್ ಎಣ್ಣೆ, 2 ಸಣ್ಣ ಚಮಚ ಬೇಕಿಂಗ್ ಪೌಡರ್. ಅವಳು ಏಲಕ್ಕಿ ಬಾಳೆ ಹಾಕುತ್ತಾಳೆ, ನನ್ನ ಹತ್ತಿರ ಇರುವುದು ಪಚ್ಚಬಾಳೆ. ಮೊಟ್ಟೆ ಇಲ್ಲವಲ್ಲ, ಹಿಡಿದುಕೊಳ್ಳಲಿ ಅಂತ ನಾನು 2 ದೊಡ್ಡ ಚಮಚ ಅಗಸೆ ಪುಡಿಯನ್ನು 6 ಚಮಚ ನೀರಿನಲ್ಲಿ ನೆನೆಸಿ ಸೇರಿಸುತ್ತೇನೆ. ಉಬ್ಬಲಿ ಅಂತ 1 ಸಣ್ಣ ಚಮಚ ಅಡುಗೆ ಸೋಡಾ. ಜೊತೆಗೆ ತೋಟದ ಅನಾನಸ್ 1 ಕಪ್ ಹೆಚ್ಚಿ ಹಾಕುತ್ತೇನೆ. ಓವನ್ನಿನಲ್ಲಿ ಚೆನ್ನಾಗಿ ಉಬ್ಬುತ್ತದೆ, ಹೊರಗೆ ತೆಗೆದ ಕೂಡಲೇ ನಡುವೆ ಕುಸಿಯುತ್ತದೆ. ಅಡಿಯಲ್ಲಿ ಬೇಯದ ಹಿಟ್ಟಿನ ಹಾಗೆ ಅಂಟು ಗೆರೆ. ತಿಂದ ಮೇಲೆ ಬಾಯಲ್ಲಿ ಸೋಪಿನ ರುಚಿ ಉಳಿಯುತ್ತದೆ. ಒಮ್ಮೆ ನೇರಳೆ ಹಣ್ಣು ಹಾಕಿದಾಗ ಒಳಗೆಲ್ಲ ಹಸಿರು ಬೂದು ಬಣ್ಣ ಬಂತು, ಯಾರಿಗೂ ಕೊಡಲು ಧೈರ್ಯ ಆಗಲಿಲ್ಲ. ಮುಂದಿನ ತಿಂಗಳು ಬರುವ ಕುಟುಂಬದ ಮಗುವಿಗೆ ಹಾಲಿನ ಅಲರ್ಜಿ ಇದೆಯಂತೆ. ಆ ಮಗುವಿಗೆ ಇದನ್ನು ಕೊಡಬಹುದೇ? ಮೊಟ್ಟೆ ಇಲ್ಲದೆ ಮಫಿನ್ ಸರಿ ಬರುವುದೇ ಇಲ್ಲವೇ?

ಉತ್ತರ: ಸರಿ ಬರುತ್ತದೆ. ನಿಮ್ಮ ಅಕ್ಕನಿಗೆ ಬರುತ್ತಿದೆಯಲ್ಲ. ನಿಮ್ಮ ಕೈಯಲ್ಲೂ ತಪ್ಪಿಲ್ಲ. ನೀವು ಅಳತೆಗಳನ್ನು ಇಷ್ಟು ವಿವರವಾಗಿ ಬರೆದದ್ದು ಒಳ್ಳೆಯದಾಯಿತು, ಕಾರಣ ಅದರಲ್ಲೇ ಇದೆ. ಬೇಕಿಂಗ್ ಕಲಿಸುವಾಗ ನನಗೆ ಹೆಚ್ಚಾಗಿ ಎದುರಾಗುವ ದೂರು ಇದೇ, ಮತ್ತು ಹೆಚ್ಚಿನ ಸಲ ಮೂಲ ಒಂದೇ: ಹಣ್ಣಿನೊಳಗಿನ ನೀರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಮೊದಲು ಆ ಲೆಕ್ಕ ಮಾಡೋಣ. 2 ಕಪ್ ಮೈದಾ ಅಂದರೆ ಸುಮಾರು 250 ಗ್ರಾಂ. ಬಾಳೆಹಣ್ಣಿನಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಸಿಪ್ಪೆ ಸುಲಿದ ಏಲಕ್ಕಿ ಬಾಳೆ ಒಂದು 45 ಗ್ರಾಂ ಆಸುಪಾಸು ತೂಗುತ್ತದೆ. ಅಕ್ಕನ ಮೂರು ಹಣ್ಣು ಸೇರಿ 135 ಗ್ರಾಂ, ಅದರಲ್ಲಿ ನೀರು ಸುಮಾರು 100 ಮಿಲಿ. ಬೆಲ್ಲದ ನೀರು 60, ತೆಂಗಿನಹಾಲಿನಿಂದ ಸುಮಾರು 90. ಒಟ್ಟು 250. ಹಿಟ್ಟು ಎಷ್ಟೋ ನೀರೂ ಅಷ್ಟೇ. ಅವರ ಮಫಿನ್ ಚೆನ್ನಾಗಿ ಬರುವುದು ಅದಕ್ಕೇ.

ಈಗ ನಿಮ್ಮದು. ಸುಲಿದ ಪಚ್ಚಬಾಳೆ ಒಂದು 110 ಗ್ರಾಂ ಅಂದುಕೊಂಡರೂ ಮೂರಕ್ಕೆ 330 ಗ್ರಾಂ, ಅಂದರೆ ನೀರು 245 ಮಿಲಿ. ಬೆಲ್ಲದ್ದು 60, ತೆಂಗಿನಹಾಲಿನದು 90, ಅಗಸೆ ನೆನೆಸಿದ್ದು 90. ಅಲ್ಲಿಗೇ 485 ಆಯಿತು. ಮೇಲೆ ಒಂದು ಕಪ್ ಹಸಿ ಅನಾನಸ್, ಅದರಲ್ಲಿ ಇನ್ನೂ 130. ಎಲ್ಲ ಸೇರಿ 600 ಮಿಲಿ ದಾಟುತ್ತದೆ. 250 ಗ್ರಾಂ ಹಿಟ್ಟಿಗೆ ಸುಮಾರು ಎರಡೂವರೆ ಪಟ್ಟು ನೀರು! ಅಕ್ಕ ‘ಮೂರು ಬಾಳೆಹಣ್ಣು’ ಅಂದರು, ನೀವು ಮೂರೇ ಹಾಕಿದಿರಿ. ಎಣಿಕೆ ಒಂದೇ ಆದರೂ ತೂಕ ಬೇರೆ. ಹಣ್ಣನ್ನು ಎಣಿಸುವುದು ಬಿಟ್ಟು ತೂಗಲು ಶುರು ಮಾಡಿದರೆ ನಿಮ್ಮ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಗ್ರಾಂ ತೋರಿಸುವ ಸಣ್ಣ ಅಡುಗೆ ತಕ್ಕಡಿ ಒಂದನ್ನು ದಯವಿಟ್ಟು ತೆಗೆದುಕೊಳ್ಳಿ.

ನೀರು ಜಾಸ್ತಿಯಾದರೆ ಕುಸಿಯುವುದು ಏಕೆ? ಮೊಟ್ಟೆ ಹಾಕಿದ ಕೇಕಿನಲ್ಲಿ ಬಿಸಿ 65–70 ಡಿಗ್ರಿ ದಾಟುತ್ತಿದ್ದಂತೆ ಮೊಟ್ಟೆಯ ಪ್ರೋಟೀನ್ ಗಟ್ಟಿಯಾಗಲು ಶುರುವಾಗುತ್ತದೆ, ಗುಳ್ಳೆಗಳ ಸುತ್ತ ಗೋಡೆ ಕಟ್ಟುತ್ತದೆ. ಮೊಟ್ಟೆ ಇಲ್ಲದಾಗ ಆ ಕೆಲಸ ಹಿಟ್ಟಿನ ಪಿಷ್ಟದ ಪಾಲಿಗೆ ಬರುತ್ತದೆ, ಜೊತೆಗೆ ಮೈದಾದಲ್ಲಿರುವ ಗ್ಲುಟನ್ ಅನ್ನುವ ಪ್ರೋಟೀನ್ ಸ್ವಲ್ಪ ಕೈ ಜೋಡಿಸುತ್ತದೆ. ಬರೀ ನೀರಿನಲ್ಲಿ ಗೋಧಿಯ ಪಿಷ್ಟ 60 ಡಿಗ್ರಿ ಸುಮಾರಿಗೆ ಉಬ್ಬಿ ಗಟ್ಟಿಯಾಗತೊಡಗುತ್ತದೆ. ಸಕ್ಕರೆ, ಬೆಲ್ಲ ಸೇರಿದ ಹಿಟ್ಟಿನಲ್ಲಿ ಅದು 80 ಡಿಗ್ರಿ ದಾಟಿದ ಮೇಲೆ. ಅಷ್ಟರಲ್ಲಿ ಗುಳ್ಳೆಗಳೆಲ್ಲ ಹಿಗ್ಗಿ ಮಫಿನ್ ಎತ್ತರಕ್ಕೆ ಬಂದಿರುತ್ತದೆ. ಹದವಾದ ನೀರಿದ್ದರೆ ಪಿಷ್ಟ ಅದೇ ಎತ್ತರದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ನೀರು ವಿಪರೀತ ಇದ್ದರೆ ಗಂಜಿಯಾಗುತ್ತದೆ. ಹೊರಗೆ ತೆಗೆದು ಹಬೆ ತಣ್ಣಗಾದ ಕೂಡಲೇ ಗೋಡೆ ಬೀಳುತ್ತದೆ, ಭಾರವೆಲ್ಲ ಅಡಿಗಿಳಿಯುತ್ತದೆ. ನಿಮ್ಮ ಅಂಟು ಗೆರೆ ಅದೇ. ಅದು ಬೇಯದೇ ಉಳಿದದ್ದಲ್ಲ, ಇನ್ನೂ ಹತ್ತು ನಿಮಿಷ ಬೇಯಿಸಿದರೂ ಹೋಗುವುದಿಲ್ಲ.

ಪಿಷ್ಟದ ಶಕ್ತಿಯನ್ನು ಕೊಡಗಿನವರಿಗೆ ನಾನು ಹೇಳಿಕೊಡಬೇಕಿಲ್ಲ. ಹಲಸಿನ ಹಣ್ಣೋ ಬಾಳೆಹಣ್ಣೋ ಕಿವುಚಿ, ಅಕ್ಕಿ ತರಿ ಸೇರಿಸಿ, ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸುವ ಕೂವಲೆ ಪುಟ್ಟಿಗೆ ಮೊಟ್ಟೆ ಎಲ್ಲಿದೆ? ಅದನ್ನು ಹಿಡಿದು ನಿಲ್ಲಿಸುವುದು ಅಕ್ಕಿಯ ಪಿಷ್ಟ. ಹಣ್ಣು ರಸರಸವಾಗಿದ್ದರೆ ತರಿ ಸ್ವಲ್ಪ ಜಾಸ್ತಿ ಹಾಕುತ್ತಾರೆ ಅಲ್ವಾ? ಮಫಿನ್‌ಗೂ ಆ ಗಮನವೇ ಬೇಕು.

ಇಲ್ಲಿ ಒಂದು ತಪ್ಪು ನಂಬಿಕೆಯ ಬಗ್ಗೆ ಹೇಳಲೇಬೇಕು. ‘ಒಂದು ಮೊಟ್ಟೆಗೆ ಬದಲು ಕಾಲು ಕಪ್ ಬಾಳೆಹಣ್ಣು’, ‘ಒಂದು ಮೊಟ್ಟೆಗೆ ಬದಲು ಒಂದು ಚಮಚ ಅಗಸೆ’ ಅನ್ನುವ ಪಟ್ಟಿಗಳನ್ನು ಎಲ್ಲ ಕಡೆ ನೋಡುತ್ತೀರಿ. ಬಾಳೆಹಣ್ಣು ತೇವ ಕೊಡುತ್ತದೆ, ಸಿಹಿ ಕೊಡುತ್ತದೆ. ನೆನೆಸಿದ ಅಗಸೆಯ ಲೋಳೆ ನೀರನ್ನು ಹಿಡಿದಿಡುತ್ತದೆ, ಎಣ್ಣೆ ಬೇರೆಯಾಗದಂತೆ ನೋಡಿಕೊಳ್ಳುತ್ತದೆ. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಬಿಸಿಗೆ ಮೊಟ್ಟೆಯ ಹಾಗೆ ಗಟ್ಟಿಯಾಗುವುದು ಎರಡಕ್ಕೂ ಗೊತ್ತಿಲ್ಲ. ಹಾಗಾಗಿ ‘ಹಿಡಿತ ಸಾಲದು’ ಅಂತ ಇವನ್ನು ಹೆಚ್ಚಿಸುತ್ತಾ ಹೋದಷ್ಟೂ ಅಂಟು ಹೆಚ್ಚುತ್ತದೆ. ಬಾಳೆಹಣ್ಣು ಹಾಕಿದ ಮಫಿನ್‌ಗೆ ಅಗಸೆ ಒಂದು ದೊಡ್ಡ ಚಮಚ ಸಾಕು. ಬಿಟ್ಟರೂ ನಡೆಯುತ್ತದೆ.

ಅನಾನಸ್ ವಿಷಯ ಬೇರೆಯೇ ಇದೆ. ನೀರಷ್ಟೇ ಅಲ್ಲ, ಹಸಿ ಅನಾನಸ್‌ನಲ್ಲಿ ಬ್ರೊಮೆಲೈನ್ ಅನ್ನುವ ಕಿಣ್ವ ಇದೆ. ಅದು ಪ್ರೋಟೀನನ್ನು ತುಂಡು ಮಾಡುತ್ತದೆ. ಹೆಚ್ಚು ತಿಂದರೆ ನಾಲಿಗೆ ಚುರುಗುಟ್ಟುವುದಕ್ಕೆ ಅದರ ಕೈವಾಡವೂ ಇದೆ. ಮೊಟ್ಟೆ ಇಲ್ಲದ ಹಿಟ್ಟಿನಲ್ಲಿ ಗ್ಲುಟನ್ ಒಂದೇ ಪ್ರೋಟೀನ್ ಬಲೆ, ಅದನ್ನೂ ಇದು ಸಡಿಲ ಮಾಡಿಬಿಡುತ್ತದೆ. ಹಾಗಂತ ತೋಟದ ಅನಾನಸ್ ಬಿಡಬೇಡಿ, ಅದರ ಪರಿಮಳಕ್ಕೆ ಸಾಟಿ ಇಲ್ಲ. ಸಣ್ಣಗೆ ಹೆಚ್ಚಿ, ಒಂದು ಚಮಚ ಬೆಲ್ಲ ಹಾಕಿ, ಬಾಣಲೆಯಲ್ಲಿ ರಸ ಇಂಗುವವರೆಗೆ ಕುದಿಸಿ, ಪೂರ್ತಿ ಆರಿಸಿ ಹಾಕಿ. ಕುದಿಸಿದರೆ ಕಿಣ್ವ ಸಾಯುತ್ತದೆ, ನೀರೂ ಹೋಗುತ್ತದೆ, ರುಚಿ ಗಟ್ಟಿಯಾಗುತ್ತದೆ. ಪರಂಗಿಯಲ್ಲೂ ಇಂಥದೇ ಕಿಣ್ವ ಇದೆ, ಕಾಯಿಯಲ್ಲಿ ಜಾಸ್ತಿ, ಹಣ್ಣಿನಲ್ಲಿ ಕಡಿಮೆ. ಕಿತ್ತಳೆ ಹಾಕುವುದಾದರೆ ತೊಳೆಗಿಂತ ಸಿಪ್ಪೆಯ ತುರಿ ಒಳ್ಳೆಯದು. ಹಳದಿ ಭಾಗ ಮಾತ್ರ, ಬಿಳಿ ಭಾಗ ಕಹಿ. ನೀರು ಸೇರುವುದಿಲ್ಲ, ಘಮ ಪೂರ್ತಿ ಬರುತ್ತದೆ.

ಇನ್ನು ಸೋಪಿನ ರುಚಿ ಮತ್ತು ಹಸಿರು ಬಣ್ಣ. ಇವೆರಡಕ್ಕೂ ಕಾರಣ ಒಂದೇ: ಅಡುಗೆ ಸೋಡಾ. ಸೋಡಾ ಕ್ಷಾರ. ಅದು ಹುಳಿಯ ಜೊತೆ ಸೇರಿದಾಗ ಗಾಳಿಗುಳ್ಳೆ ಕೊಟ್ಟು ತಾನೂ ಕರಗಿಹೋಗುತ್ತದೆ. ಹುಳಿ ಸಾಲದಿದ್ದರೆ ಉಳಿದ ಸೋಡಾ ಓವನ್ನಿನ ಬಿಸಿಗೆ ಸೋಡಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಬಟ್ಟೆಗೆ ಬಳಸುವ ತೊಳೆಯುವ ಸೋಡಾ. ನಿಮ್ಮ ನಾಲಿಗೆ ಸರಿಯಾಗಿಯೇ ಗುರುತಿಸಿದೆ! ಕಾಲು ಸಣ್ಣ ಚಮಚ ಸೋಡಾಕ್ಕೆ ಸುಮಾರು ಒಂದು ದೊಡ್ಡ ಚಮಚ ನಿಂಬೆರಸ ಬೇಕು. ಒಂದು ಪೂರ್ತಿ ಚಮಚಕ್ಕೆ ನಾಲ್ಕು ದೊಡ್ಡ ಚಮಚ. ನಿಮ್ಮ ಅಳತೆಯಲ್ಲಿ ನಿಂಬೆಹಣ್ಣೇ ಇಲ್ಲ. ಬಾಳೆಹಣ್ಣು, ಬೆಲ್ಲಗಳಲ್ಲಿ ಇರುವ ಸ್ವಲ್ಪ ಹುಳಿ ಅಷ್ಟು ಸೋಡಾಕ್ಕೆ ಸಾಲುವುದಿಲ್ಲ. ಅನಾನಸ್ ತುಂಡಿನೊಳಗಿನ ಹುಳಿ ಹೊರಗೆ ಬಂದು ಸೇರುವುದೂ ಕಡಿಮೆ. ಬೇಕಿಂಗ್ ಪೌಡರಿನಲ್ಲಿ ಹುಳಿ ಮೊದಲೇ ಸೇರಿರುತ್ತದೆ, ಅದಕ್ಕೆ ಈ ತೊಂದರೆ ಇಲ್ಲ.

ನೇರಳೆ ಹಣ್ಣಿನ ಬಣ್ಣ ಕೊಡುವುದು ಆಂಥೋಸಯಾನಿನ್. ಹುಳಿಯಲ್ಲಿ ಅದು ಕೆಂಪು, ನೇರಳೆ. ಕ್ಷಾರದಲ್ಲಿ ನೀಲಿ, ಹಸಿರು. ಕಪ್ಪು ದ್ರಾಕ್ಷಿ, ಬ್ಲೂಬೆರಿಗಳಲ್ಲೂ ಹೀಗೇ ಆಗುತ್ತದೆ. ಹಣ್ಣು ಕೆಟ್ಟದ್ದಲ್ಲ, ಆ ಬಣ್ಣದಿಂದ ಅಪಾಯವೂ ಇಲ್ಲ. ನೇರಳೆ ಹಾಕುವ ದಿನ ಸೋಡಾ ಪೂರ್ತಿ ಬಿಡಿ, ಬೇಕಿಂಗ್ ಪೌಡರ್ ಮಾತ್ರ ಹಾಕಿ, ಒಂದು ಚಮಚ ನಿಂಬೆರಸ ಸೇರಿಸಿ. ಬಣ್ಣ ಉಳಿಯುತ್ತದೆ.

ಸೋಡಾ ಬದಲು ಈನೋ ಹಾಕಬಹುದಾ ಅಂತ ಬಹಳ ಜನ ಕೇಳುತ್ತಾರೆ. ಹಾಕಬಹುದು, ಅದರಲ್ಲಿ ಸೋಡಾ ಮತ್ತು ಹುಳಿ ಎರಡೂ ಇವೆ. ಆದರೆ ನೀರು ತಾಗಿದ ಕ್ಷಣವೇ ಗುಳ್ಳೆಯೆಲ್ಲ ಎದ್ದುಬಿಡುತ್ತದೆ. ಹಿಟ್ಟನ್ನು ಹನ್ನೆರಡು ಬಟ್ಟಲಿಗೆ ಹಾಕಿ ಮುಗಿಸುವಷ್ಟರಲ್ಲಿ ಅರ್ಧ ಗಾಳಿ ಹೋಗಿರುತ್ತದೆ. ಮಫಿನ್‌ಗೆ ನಾನು ಅದನ್ನು ಹೇಳುವುದಿಲ್ಲ.

ನೀವು ಮತ್ತು ಅಕ್ಕ ಇರುವ ಊರುಗಳ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ, ಮಡಿಕೇರಿ ಸುಮಾರು 1,150 ಮೀಟರ್ ಮೇಲೆ. ನಿಮ್ಮಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 96 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಅದೇ ಬೇಕಿಂಗ್ ಪೌಡರಿಗೆ ಗುಳ್ಳೆಗಳು ಅಲ್ಲಿಗಿಂತ ಜಾಸ್ತಿ ಹಿಗ್ಗುತ್ತವೆ, ಗೋಡೆ ಗಟ್ಟಿಯಾಗುವ ಮೊದಲೇ ಒಡೆಯುತ್ತವೆ. ‘ಓವನ್ನಿನಲ್ಲಿ ಚೆನ್ನಾಗಿ ಉಬ್ಬುತ್ತದೆ, ಆಮೇಲೆ ಕುಸಿಯುತ್ತದೆ’ ಅನ್ನುವುದರಲ್ಲಿ ಇದರ ಪಾಲೂ ಇದೆ. ಅಕ್ಕನ ಎರಡು ಚಮಚ ಬೇಕಿಂಗ್ ಪೌಡರನ್ನು ನೀವು ಒಂದೂವರೆಗೆ ಇಳಿಸಿ. ಕುಸಿದಾಗ ಇನ್ನಷ್ಟು ಹಾಕೋಣ ಅನಿಸುವುದು ಸಹಜ, ಆದರೆ ಮಾಡಬೇಕಾದದ್ದು ಅದರ ಉಲ್ಟಾ.

ನಿಮ್ಮ ಊರಿಗೆ ಹೊಂದುವ ಅಳತೆ ಇದು. ಮೈದಾ 250 ಗ್ರಾಂ. ಚೆನ್ನಾಗಿ ಕಳಿತ ಬಾಳೆಹಣ್ಣು ಸುಲಿದ ಮೇಲೆ 250 ಗ್ರಾಂ; ಪಚ್ಚಬಾಳೆಯಾದರೆ ಎರಡಕ್ಕಿಂತ ಸ್ವಲ್ಪ ಜಾಸ್ತಿ, ಏಲಕ್ಕಿಯಾದರೆ ಐದಾರು. ಬೆಲ್ಲದ ಪುಡಿ 140 ಗ್ರಾಂ, ನೀರಿನಲ್ಲಿ ಕರಗಿಸದೆ ಬಾಳೆಹಣ್ಣಿನ ಜೊತೆಗೇ ಕಿವುಚಿ (ಕಲ್ಲು ಇದ್ದರೆ ಜರಡಿ ಹಿಡಿಯಿರಿ). ಎಣ್ಣೆ 80 ಮಿಲಿ. ಗಟ್ಟಿ ತೆಂಗಿನಹಾಲು 60 ಮಿಲಿ. ಒಂದು ದೊಡ್ಡ ಚಮಚ ಅಗಸೆ ಪುಡಿ ಮೂರು ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆದದ್ದು. ಒಂದು ದೊಡ್ಡ ಚಮಚ ನಿಂಬೆರಸ. ಬೇಕಿಂಗ್ ಪೌಡರ್ ಒಂದೂವರೆ ಸಣ್ಣ ಚಮಚ, ಸೋಡಾ ಕಾಲು ಸಣ್ಣ ಚಮಚ, ಉಪ್ಪು ಕಾಲು ಚಮಚ. ಕುದಿಸಿ ಆರಿಸಿದ ಅನಾನಸ್ 100 ಗ್ರಾಂ. ಅನಾನಸ್ ಬಿಟ್ಟು ಲೆಕ್ಕ ಹಾಕಿದರೆ ನೀರು 290 ಮಿಲಿ ಸುಮಾರು. ಯಾವ ಹಣ್ಣು ಬದಲಾಯಿಸಿದರೂ ನೀರು ಹಿಟ್ಟಿನ ತೂಕದಷ್ಟಕ್ಕೂ ಒಂದೂಕಾಲು ಪಟ್ಟಿಗೂ ನಡುವೆ ಇರಲಿ. ಮಾವು, ಸೇಬು, ನೇರಳೆಗಳಲ್ಲಿ ನೀರು ಬಾಳೆಗಿಂತ ಜಾಸ್ತಿ, ನೂರಕ್ಕೆ 80 ದಾಟುತ್ತದೆ. ಹಲಸು ಬಾಳೆಯ ಆಸುಪಾಸು.

ಒಣ ಪದಾರ್ಥ ಒಂದು ಕಡೆ, ಹಸಿ ಪದಾರ್ಥ ಇನ್ನೊಂದು ಕಡೆ ಕಲಸಿಕೊಳ್ಳಿ. ಓವನ್ ಬಿಸಿಯಾದ ಮೇಲೆಯೇ ಎರಡನ್ನೂ ಸೇರಿಸಿ. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು, ಚಮಚದಿಂದ ಸುರಿಯಬಾರದು, ಧೊಪ್ಪನೆ ಬೀಳಬೇಕು. ಒಣ ಹಿಟ್ಟು ಕಾಣದಷ್ಟು ಕಲಸಿದರೆ ಸಾಕು, ಅಲ್ಲಲ್ಲಿ ಗಂಟು ಉಳಿದರೂ ಚಿಂತೆ ಇಲ್ಲ. ಜಾಸ್ತಿ ತಿರುವಿದರೆ ಗ್ಲುಟನ್ ಬಿಗಿಯಾಗಿ ಮಫಿನ್ ರಬ್ಬರಿನಂತಾಗುತ್ತದೆ. ಹಣ್ಣಿನ ತುಂಡಿಗೆ ಮೈದಾ ಸವರಿದರೆ ಅಡಿಗೆ ಇಳಿಯುವುದಿಲ್ಲ ಅನ್ನುವ ಮಾತಿದೆ. ಹಿಟ್ಟು ತೆಳ್ಳಗಿದ್ದರೆ ಸವರಿದರೂ ಇಳಿಯುತ್ತದೆ. ಹಿಟ್ಟು ಹದವಾಗಿ, ತುಂಡು ಬಟಾಣಿಯಷ್ಟು ಸಣ್ಣಗಿದ್ದರೆ ಸವರುವ ಅಗತ್ಯವೇ ಬರುವುದಿಲ್ಲ.

ಒಟಿಜಿಯನ್ನು (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) 15 ನಿಮಿಷ ಮೊದಲೇ 200 ಡಿಗ್ರಿಗೆ ಹಾಕಿ, ಮೇಲಿನ ಕೆಳಗಿನ ಎರಡೂ ಕಂಬಿ ಉರಿಯಲಿ. ಬಟ್ಟಲುಗಳನ್ನು ಮುಕ್ಕಾಲು ತುಂಬಿ ಒಳಗಿಡಿ. ಆರು ನಿಮಿಷದ ನಂತರ 180ಕ್ಕೆ ಇಳಿಸಿ, ಇನ್ನು 15ರಿಂದ 18 ನಿಮಿಷ. ಒಟಿಜಿಯ ಗುಂಡಿ ತೋರಿಸುವ ಡಿಗ್ರಿಗೂ ಒಳಗಿನ ನಿಜವಾದ ಬಿಸಿಗೂ ವ್ಯತ್ಯಾಸ ಇರುವುದು ಮಾಮೂಲು, ಹಾಗಾಗಿ ಮೊದಲ ಸಲ ಹತ್ತಿರವೇ ನಿಂತು ನೋಡಿ. ಕಡ್ಡಿ ಚುಚ್ಚಿ ನೋಡುವ ಪರೀಕ್ಷೆಯನ್ನು ಹಣ್ಣಿನ ಮಫಿನ್‌ನಲ್ಲಿ ಪೂರ್ತಿ ನಂಬಬೇಡಿ. ಕಡ್ಡಿ ಹಣ್ಣಿಗೆ ತಾಗಿದರೆ ಒದ್ದೆಯಾಗಿಯೇ ಬರುತ್ತದೆ. ನಡುವೆ ಬೆರಳಿನಿಂದ ಮೆಲ್ಲಗೆ ಒತ್ತಿ, ಪುಟಿದು ಮೇಲೆ ಬಂದರೆ ಆಯಿತು. ಐದು ನಿಮಿಷ ಬಿಟ್ಟು ಬಟ್ಟಲಿನಿಂದ ತೆಗೆದು ಜಾಲರಿಯ ಮೇಲೆ ಇಡಿ, ಇಲ್ಲದಿದ್ದರೆ ಹಬೆ ಅಡಿಯಲ್ಲೇ ನೀರಾಗುತ್ತದೆ. ಪೂರ್ತಿ ಆರುವ ಮೊದಲು ಕತ್ತರಿಸಿದರೆ ಚೆನ್ನಾಗಿ ಬೆಂದದ್ದೂ ಅಂಟಂಟಾಗಿ ಕಾಣುತ್ತದೆ. ಪಿಷ್ಟ ಗಟ್ಟಿಯಾಗಿ ಕೂರುವುದು ಆರುವಾಗಲೇ.

ಮೈದಾ ಬೇಡ, ಗೋಧಿ ಹಿಟ್ಟು ಬೇಕು ಅನ್ನುವ ಅತಿಥಿಗಳೂ ಬರುತ್ತಾರೆ. ಮಿಲ್ಲಿನಲ್ಲಿ ಬೀಸಿದ ಚಪಾತಿ ಹಿಟ್ಟು ಮೈದಾಕ್ಕಿಂತ ಜಾಸ್ತಿ ನೀರು ಕುಡಿಯುತ್ತದೆ. ಅರ್ಧ ಮೈದಾ, ಅರ್ಧ ಗೋಧಿಯಿಂದ ಶುರು ಮಾಡಿ, ಒಂದೆರಡು ಚಮಚ ತೆಂಗಿನಹಾಲು ಹೆಚ್ಚಿಸಿ. ರಾಗಿಯಲ್ಲಿ ಗ್ಲುಟನ್ ಇಲ್ಲ, ಕಾಲು ಪಾಲಿಗಿಂತ ಹೆಚ್ಚು ಹಾಕಿದರೆ ಪುಡಿಪುಡಿಯಾಗುತ್ತದೆ.

ಅಗಸೆ, ತೆಂಗಿನಹಾಲು ಬೇಡ ಅಂದರೆ ಬೇರೆ ದಾರಿಗಳಿವೆ. ಸೋಯಾ ಹಾಲಿಗೆ ನಿಂಬೆರಸ ಹಿಂಡಿದರೆ ಮಜ್ಜಿಗೆಯಂತೆ ಒಡೆಯುತ್ತದೆ. ಅದರ ಪ್ರೋಟೀನ್ ಬಿಸಿಗೆ ಸ್ವಲ್ಪ ಗಟ್ಟಿಯಾಗುವುದರಿಂದ ಸಸ್ಯದ ಹಾಲುಗಳಲ್ಲಿ ನನಗೆ ಇದೇ ಹೆಚ್ಚು ಇಷ್ಟ. ಆದರೆ ಸೋಯಾ ಅಲರ್ಜಿ ಇರುವವರಿದ್ದಾರೆ, ಕೇಳಿಕೊಂಡು ಹಾಕಿ. ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ಕಟ್ಟನ್ನು ಮೂರು ದೊಡ್ಡ ಚಮಚ ತೆಗೆದುಕೊಂಡು ನೊರೆ ಬರುವಂತೆ ಕಡೆದು ಸೇರಿಸಿದರೆ ಮಫಿನ್ ಹಗುರವಾಗುತ್ತದೆ. ಫ್ರಾನ್ಸ್‌ನ ಜೋಯಲ್ ರೋಸೆಲ್ 2014ರಲ್ಲಿ ಕಾಳಿನ ಕಟ್ಟು ಮೊಟ್ಟೆಯ ಬಿಳಿಯಂತೆ ನೊರೆಯಾಗುತ್ತದೆ ಎಂದು ತೋರಿಸಿದ ಮೇಲೆ ಇದು ಎಲ್ಲ ಕಡೆ ಹಬ್ಬಿತು. ಉಪ್ಪು ಹಾಕಿ ಬೇಯಿಸಿದ ಕಟ್ಟು ಬೇಡ. ಕಟ್ಟೂ ನೀರೇ, ಅಷ್ಟು ತೆಂಗಿನಹಾಲು ಕಡಿಮೆ ಮಾಡಿ. ನಿಮ್ಮ ಕಾಫಿ ತೋಟಗಳ ಬಟರ್‌ಫ್ರೂಟ್ ಕೂಡ ಒಳ್ಳೆಯ ಆಯ್ಕೆ. ನಯವಾಗಿ ಕಿವುಚಿ ಅರ್ಧ ಎಣ್ಣೆಯ ಬದಲು ಹಾಕಬಹುದು. ಮಫಿನ್ ಸ್ವಲ್ಪ ಹಸಿರಾಗಿ ಕಾಣುತ್ತದೆ, ಅತಿಥಿಗಳಿಗೆ ಮೊದಲೇ ಹೇಳಿಬಿಡಿ. ಕೊಬ್ಬರಿ ಎಣ್ಣೆ ಬಳಸುವುದಾದರೆ ನೆನಪಿಡಿ: ಅದು 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಫ್ರಿಜ್ ಬೇಡ, ಮೇಜಿನ ಮೇಲೆಯೇ ಮಫಿನ್ ಬಿರುಸಾಗುತ್ತದೆ. ಸೂರ್ಯಕಾಂತಿ ಎಣ್ಣೆಯಲ್ಲಿ ಹಾಗಾಗುವುದಿಲ್ಲ.

ಈಗ ಆ ಮಗುವಿನ ವಿಷಯ. ಇದನ್ನು ನಿಧಾನವಾಗಿ ಓದಿ. ವೀಗನ್ ಅಂದರೆ ಅಲರ್ಜಿಗೆ ಸುರಕ್ಷಿತ ಅಂತ ಅಲ್ಲ. ಪದಾರ್ಥದ ಪಟ್ಟಿಯಲ್ಲಿ ಹಾಲು ಇಲ್ಲದಿರಬಹುದು, ಆದರೆ ಬೆಣ್ಣೆ ಸವರುತ್ತಿದ್ದ ಅದೇ ಟ್ರೇ, ತುಪ್ಪದ ಅದೇ ಸೌಟು, ಅದೇ ಜರಡಿ ಬಳಸಿದರೆ ಹಾಲಿನ ಪ್ರೋಟೀನ್ ಸೇರಿಯೇ ಸೇರುತ್ತದೆ. ಹಾಲಿನ ಸಕ್ಕರೆ ಜೀರ್ಣವಾಗದವರಿಗೆ ಅಷ್ಟು ಸೋಕಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ನಿಜವಾದ ಹಾಲಿನ ಅಲರ್ಜಿ ಬೇರೆ, ಕೆಲವು ಮಕ್ಕಳಿಗೆ ತೀರಾ ಸ್ವಲ್ಪವೂ ಅಪಾಯ. ಕುಟುಂಬದವರು ಬರುವ ಮೊದಲೇ ಫೋನ್ ಮಾಡಿ ಅಲರ್ಜಿ ಎಷ್ಟು ತೀವ್ರ ಅಂತ ಕೇಳಿ. ತೆಂಗು, ಸೋಯಾ, ಗೋಧಿ, ಬೀಜಗಳು ಆಗುತ್ತವೆಯೇ ಅಂತಲೂ ಕೇಳಿ. ಮಾರ್ಗರಿನ್, ಡಾರ್ಕ್ ಚಾಕೊಲೇಟ್ ಪೊಟ್ಟಣಗಳ ಮೇಲಿನ ಅಲರ್ಜಿ ಸೂಚನೆ ಓದಿ, ಎಷ್ಟೋ ಸಲ ಅವುಗಳಲ್ಲಿ ಹಾಲಿನ ಅಂಶ ಇರುತ್ತದೆ. ಹೊಸ ಟ್ರೇ, ಹೊಸ ಚಮಚ, ಕಾಗದದ ಬಟ್ಟಲು ಬಳಸಿ. ಆ ದಿನ ಮೊದಲು ಇದನ್ನೇ ಮಾಡಿ, ಬೆಣ್ಣೆ ತುಪ್ಪದ ಅಡುಗೆ ಆಮೇಲೆ. ಇಷ್ಟೆಲ್ಲ ಮಾಡಿದರೂ ‘ನಮ್ಮ ಅಡುಗೆಮನೆಯಲ್ಲಿ ಹಾಲು, ತುಪ್ಪ ಬಳಸುತ್ತೇವೆ’ ಅಂತ ತಾಯಿತಂದೆಗೆ ನೇರವಾಗಿ ಹೇಳಿ, ತೀರ್ಮಾನ ಅವರಿಗೇ ಬಿಡಿ. ಅಲರ್ಜಿ ತೀವ್ರ ಅಂತ ಅವರು ಹೇಳಿದರೆ ಮಫಿನ್ ಕೊಡಬೇಡಿ, ಎದುರಿಗೇ ಸುಲಿದ ಬಾಳೆಹಣ್ಣು ಕೊಡಿ.

ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನೂ ವೀಗನ್ ಅಂತ ತಿಳಿಯಬೇಡಿ. ಹಾಲು, ಬೆಣ್ಣೆ ಇದ್ದರೂ ಹಸಿರು ಚುಕ್ಕೆ ಇರುತ್ತದೆ. ನಮ್ಮಲ್ಲಿ ‘ಎಗ್‌ಲೆಸ್’ ಅಂತ ಮಾರುವ ಎಷ್ಟೋ ಕೇಕ್‌ಗಳಲ್ಲಿ ಮೊಸರು ಅಥವಾ ಕಂಡೆನ್ಸ್‌ಡ್ ಮಿಲ್ಕ್ ಇರುತ್ತದೆ. ಜೇನುತುಪ್ಪವೂ ವೀಗನ್ ಅಲ್ಲ. ಮುಂದೆ ನೀವು ಪ್ಯಾಕ್ ಮಾಡಿ ‘ವೀಗನ್’ ಅಂತ ಬರೆದು ಮಾರುವ ಯೋಚನೆ ಇದ್ದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2022ರ ವೀಗನ್ ಆಹಾರ ನಿಯಮಗಳು ಅನ್ವಯಿಸುತ್ತವೆ, ಅದಕ್ಕೆ ಬೇರೆಯೇ ಲಾಂಛನ ಇದೆ.

ಹಣ್ಣಿನ ಮಫಿನ್ ಮಳೆಗಾಲದಲ್ಲಿ ಹೊರಗೆ ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ, ಬೇಗ ಬೂಸ್ಟು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆ ಒಂದೊಂದಾಗಿ ಸುತ್ತಿ ಫ್ರೀಜರಿನಲ್ಲಿಟ್ಟರೆ ಒಂದು ತಿಂಗಳು ಚೆನ್ನಾಗಿರುತ್ತವೆ. ಬೆಳಿಗ್ಗೆ ಬೇಕಾದಷ್ಟನ್ನು ತೆಗೆದು 160 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಬಿಸಿ ಮಾಡಿ ಕೊಡಬಹುದು.

ಮೊದಲ ಸಲ ಅನಾನಸ್ ಬಿಟ್ಟು ಬರೀ ಬಾಳೆಹಣ್ಣಿನಲ್ಲಿ ಅರ್ಧ ಅಳತೆ ಮಾಡಿ ನೋಡಿ. ಅದು ಸರಿ ಬಂದ ಮೇಲೆ ಅನಾನಸ್ ಸೇರಿಸಿ. ಆಗಲೂ ಅಡಿಯಲ್ಲಿ ಗೆರೆ ಕಂಡರೆ ತೆಂಗಿನಹಾಲನ್ನು 30 ಮಿಲಿಗೆ ಇಳಿಸಿ. ಗೆರೆ ಇಲ್ಲ, ನಡುವೆ ಮಾತ್ರ ಕುಸಿಯುತ್ತದೆ ಅಂದರೆ ಬೇಕಿಂಗ್ ಪೌಡರ್ ಇನ್ನೊಂದು ಕಾಲು ಚಮಚ ಕಡಿಮೆ ಮಾಡಿ. ಎರಡನ್ನೂ ಒಟ್ಟಿಗೆ ಬದಲಾಯಿಸಬೇಡಿ, ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.